ಸೆರಗಿಲ್ಲದ ಸೀರೆ

ನಮ್ಮಜ್ಜ ಗುಳೇದಗುಡ್ಡದಲ್ಲಿ ಸೀರೆ ನೇಯುತ್ತಿದ್ದ. ಊರಿಗೆ ಹೆಸರು ಬಂದದ್ದು ಖಣದಿಂದ, ಅಂದರೆ ರವಿಕೆಯ ಬಟ್ಟೆಯಿಂದ. ಆದರೆ ನಮ್ಮ ಮನೆಯ ಕುಣಿ ಮಗ್ಗದ ಮೇಲೆ ನಾನು ಕಂಡದ್ದು ಬರೀ ಇಳಕಲ್ ಸೀರೆ. ಶಾಲೆ ಬಿಟ್ಟ ಮೇಲೆ ಕುಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಓಡುವುದನ್ನು ನೋಡುತ್ತಿದ್ದೆ. ಆಗ ಅದೇ ನನ್ನ ಟಿ.ವಿ.

ಇಳಕಲ್ ಸೀರೆಯಲ್ಲಿ ಒಡಲು ಬೇರೆ, ದಡಿ ಬೇರೆ, ಸೆರಗು ಬೇರೆ. ಮೂರಕ್ಕೂ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ಎಳೆಗಳು, ಬೇರೆ ಬೇರೆಯಾಗಿ ತಯಾರಾಗುತ್ತದೆ. ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಎಳೆಗೆ ಕುಣಿಕೆ ಹಾಕಿ ಸಿಕ್ಕಿಸಬೇಕು. ಅದಕ್ಕೆ ಕೊಂಡಿ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕೊಂಡಿಯ ಕೆಲಸ ಆಯಿಯದು. ಅಜ್ಜಿಗೆ ನಾವು ಆಯಿ ಅನ್ನುತ್ತಿದ್ದೆವು. ಬಾಗಿಲ ಬೆಳಕಿಗೆ ಕೂತು, ಬೆರಳಿಗೆ ಒಂದಿಷ್ಟು ಬೂದಿ ಹಚ್ಚಿಕೊಂಡು, ಎಳೆಗೆ ಎಳೆ ಸೇರಿಸುತ್ತ ಹೋಗುತ್ತಿದ್ದಳು. ತಾಸುಗಟ್ಟಲೆ. ನೋಡುವವರ ಕಣ್ಣು ನೋಯಬೇಕು, ಹಂಗೆ.

ಈ ಕೊಂಡಿಯ ದೆಸೆಯಿಂದ ಒಂದು ಸೀರೆಗೆ ಒಂದು ಹಾಸು. ಹತ್ತು ಸೀರೆಯ ಹಾಸನ್ನು ಒಟ್ಟಿಗೆ ಸುತ್ತಿಟ್ಟು ನೇಯುತ್ತ ಹೋಗಲು ಬರುವುದಿಲ್ಲ. ಒಂದು ಮುಗಿಯಿತಾ, ಇಳಿಸು, ಮತ್ತೆ ಮೊದಲಿಂದ ಶುರು ಮಾಡು. ನಾನೊಮ್ಮೆ ಅಜ್ಜನನ್ನು ಕೇಳಿದ್ದೆ, ಇಷ್ಟು ತ್ರಾಸು ಯಾಕೆ, ಸೆರಗಿಲ್ಲದೆ ಹಂಗೇ ಉದ್ದಕ್ಕೆ ನೇಯ್ದರೆ ಆಗಲ್ವಾ ಅಂತ. ಅಜ್ಜ ಲಾಳಿ ನಿಲ್ಲಿಸಲಿಲ್ಲ.

"ಸೆರಗಿಲ್ಲಂದ್ರ ಅದು ಸೀರಿ ಹೆಂಗಾತೋ ತಮ್ಮಾ? ಬರೇ ಥಾನು."

ಈಗ ನನಗೆ ನಲವತ್ತೇಳು. ಬಾಗಲಕೋಟೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮನೆ ನವನಗರದಲ್ಲಿ. ಆಲಮಟ್ಟಿಯ ಹಿನ್ನೀರಿಗೆ ಹಳೇ ಊರಿನ ಒಂದಷ್ಟು ಭಾಗ ಹೋದ ಮೇಲೆ ಕಟ್ಟಿದ ಊರು ಇದು. ಓಣಿಗಳಿಗೆ ಹೆಸರಿಲ್ಲ, ಸೆಕ್ಟರ್ ನಂಬರು ಇದೆ. ಐತವಾರ ಚರ್ಚಿನ ಆರಾಧನೆಗೆ ಮಾತ್ರ ಈಗಲೂ ಗುಳೇದಗುಡ್ಡದ ಬಸ್ಸು ಹತ್ತುತ್ತೇನೆ. ಅಜ್ಜನ ಮಾತು ನೆನಪಾದದ್ದು ಆ ಬಸ್ಸಿನಲ್ಲೇ. ಹೊರಟಾಗ ಫೋನು ತೆಗೆದವನು ಊರು ಬಂದರೂ ಹೆಬ್ಬೆರಳು ಆಡಿಸುತ್ತಲೇ ಇದ್ದೆ. ಹೊಲ ನೋಡಲಿಲ್ಲ, ಗುಡ್ಡ ನೋಡಲಿಲ್ಲ. ಪಕ್ಕದಲ್ಲಿ ಕೂತವರು ಯಾರು ಅಂತಲೂ ನೋಡಲಿಲ್ಲ. ಕೈಯಲ್ಲಿದ್ದದ್ದು ಥಾನು. ಎಷ್ಟು ಬಿಚ್ಚಿದರೂ ಸೆರಗು ಬರುತ್ತಿರಲಿಲ್ಲ.

ಮೊದಲು ಹೀಗಿರಲಿಲ್ಲ. ಇಂಟರ್ನೆಟ್ಟಿನ ಪುಟಕ್ಕೂ ಒಂದು ತಳ ಇತ್ತು. ಕೆಳಗೆ 1, 2, 3 ಅಂತ ಅಂಕಿ ಇರುತ್ತಿದ್ದವು. ಮುಂದಿನದು ಬೇಕಿದ್ದರೆ ಒತ್ತಬೇಕು. ಒತ್ತುವ ಮುನ್ನ ಒಂದು ಕ್ಷಣ, ಸಾಕಲ್ಲ ಅನ್ನಿಸಲು ಜಾಗ ಇತ್ತು. 2006ರಲ್ಲಿ ಅಜಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರ ಆ ತಳವನ್ನೇ ತೆಗೆದುಹಾಕುವ ಉಪಾಯ ಮಾಡಿದ. ಕೆಳಕ್ಕೆ ಹೋದಷ್ಟೂ ಹೊಸದು ತಾನಾಗಿಯೇ ಬಂದು ಸೇರಿಕೊಳ್ಳುತ್ತದೆ. ಜನಕ್ಕೆ ಅನುಕೂಲ ಆಗಲಿ ಅಂತಲೇ ಮಾಡಿದ್ದು. ಆಮೇಲೆ ಅದಕ್ಕಾಗಿ ಆತನೇ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟ. ಕೆಟ್ಟ ಬುದ್ಧಿಯಿಂದ ಏನನ್ನೂ ಸೇರಿಸಿದವನಲ್ಲ ಆತ. ಕೊಂಡಿ ಹಾಕುವ ಕೆಲಸ ತಪ್ಪಿಸಿದ, ಅಷ್ಟೇ.

ಒಮ್ಮೆ ನಮ್ಮಲ್ಲಿಗೆ ಬೇರೆ ಊರಿನ ಬೋಧಕರೊಬ್ಬರು ಬಂದಿದ್ದರು. ಮೊಬೈಲು ಸೈತಾನನ ಪೆಟ್ಟಿಗೆ ಅಂತ ಮುಕ್ಕಾಲು ತಾಸು ಗುಡುಗಿದರು. ಆ ಗುಡುಗನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ ಒಂದು ಮೊಬೈಲು ಲೈವ್ ಕಳಿಸುತ್ತಿತ್ತು. ನಗು ತಡೆಯಲು ನಾನು ಹಾಡಿನ ಪುಸ್ತಕದೊಳಗೆ ಮುಖ ಹಾಕಬೇಕಾಯಿತು.

ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ನಗುವ ಮಾತು ಬಿಡಿ, ನಮ್ಮ ಸಭೆಯ ಚರಿತ್ರೆಯೇ ಅದಕ್ಕೆ ಒಪ್ಪುವುದಿಲ್ಲ. ಕನ್ನಡದಲ್ಲಿ ಇಡೀ ಬೈಬಲ್ ಅಚ್ಚಾಗಿ ಬಂದದ್ದು 1831ರಲ್ಲಿ, ಬಳ್ಳಾರಿಯ ಲಂಡನ್ ಮಿಷನ್‌ನವರ ದುಡಿಮೆಯಿಂದ. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದರು. 1843ರಲ್ಲಿ ಅವರ ಪೈಕಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ 'ಮಂಗಳೂರು ಸಮಾಚಾರ' ತೆಗೆದರು, ಕನ್ನಡದ ಮೊದಲ ಪತ್ರಿಕೆ. 1851ರಲ್ಲಿ ಗುಳೇದಗುಡ್ಡಕ್ಕೆ ಬಂದು ನೆಲೆಸಿದವರೂ ಇದೇ ಮಿಷನ್‌ನವರು. ಅಂದರೆ ನಮ್ಮ ಅಜ್ಜ ಮುತ್ತಜ್ಜಂದಿರ ಕೈಗೆ ದೇವರ ವಾಕ್ಯ ಬಂದದ್ದೇ ಆ ಕಾಲದ ಹೊಸ ಯಂತ್ರದಿಂದ. ಅಚ್ಚಿನ ಮೊಳೆ ದೇವರದು, ಗಾಜಿನ ಪರದೆ ಸೈತಾನನದು ಅಂದರೆ ಹೇಗೆ?

ಆದರೆ ಅಚ್ಚಿನ ಪುಸ್ತಕಕ್ಕೆ ರಟ್ಟು ಇದೆ. ಕಿಟೆಲ್ ಅವರ 1894ರ ನಿಘಂಟನ್ನೇ ನೋಡಿ. ಸುಮಾರು 70,000 ಶಬ್ದ, ಎರಡು ಕೈಯಲ್ಲಿ ಎತ್ತಬೇಕಾದ ಗಾತ್ರ. ಆದರೂ ಅದಕ್ಕೊಂದು ಕೊನೆ ಪುಟ ಇದೆ. ಬೈಬಲ್ಲೂ ಅಷ್ಟೇ, ಅದರ ಕೊನೆಯ ಪುಸ್ತಕವಾದ ಪ್ರಕಟನೆಯ 22ನೇ ಅಧ್ಯಾಯಕ್ಕೆ ಮುಗಿಯುತ್ತದೆ. ಇನ್ನೂ ಹಿಂದಕ್ಕೆ ಹೋದರೆ, ಸೃಷ್ಟಿಯ ಕೆಲಸವನ್ನೇ ದೇವರು ಏಳನೇ ದಿನ ನಿಲ್ಲಿಸಿದ. ಸಾಕು ಅಂದ. ಸಂಡೇ ಸ್ಕೂಲಿನಲ್ಲಿ ಇದನ್ನು ಕಲಿಸುವಾಗ ಮಕ್ಕಳು ಕೇಳುತ್ತಾರೆ, ದೇವರಿಗೂ ದಣಿವು ಆಗಿತ್ತೇನ್ರಿ ಅಂತ. ಹಿಂದೆಲ್ಲ ಏನೇನೋ ಉತ್ತರ ಹೇಳುತ್ತಿದ್ದೆ. ಈಗ ಹೇಳುವುದು, ದಣಿವಲ್ಲ, ಸೆರಗು ಹಾಕಿದ. ನೇಕಾರರ ಮಕ್ಕಳಿಗೆ ತಿಳಿಯುತ್ತದೆ. ನವನಗರದ ಮಕ್ಕಳಿಗೆ ಸ್ವಲ್ಪ ಬಿಡಿಸಿ ಹೇಳಬೇಕು.

ಮನಸ್ಸು ಓಡಾಡುವ ರೋಗವೇನೂ ಹೊಸದಲ್ಲ. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಎವಾಗ್ರಿಯಸ್ ಎಂಬ ಸನ್ಯಾಸಿ ಇದ್ದ. ಸನ್ಯಾಸಿಗಳನ್ನು ಕಾಡುವ ಎಂಟು ದುರಾಲೋಚನೆಗಳನ್ನು ಪಟ್ಟಿ ಮಾಡಿದವನು. ಅದರಲ್ಲಿ ಒಂದಕ್ಕೆ ಗ್ರೀಕಿನಲ್ಲಿ ಅಕೇಡಿಯ ಅಂತ ಹೆಸರು. ಬೇಸರ, ಮೈಗಳ್ಳತನ, ಕೂತಲ್ಲಿ ಕೂರಲಾಗದ ಚಡಪಡಿಕೆ, ಎಲ್ಲ ಕೂಡಿದ್ದು. ಇದಕ್ಕೆ ಆತ ನಡುಹಗಲಿನ ದೆವ್ವ ಅನ್ನುತ್ತಾನೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಹಿಡಿದರೆ ಮಧ್ಯಾಹ್ನ ಎರಡರವರೆಗೆ ಬಿಡುವುದಿಲ್ಲವಂತೆ. ಸೂರ್ಯ ಕದಲುವುದೇ ಇಲ್ಲ, ದಿನಕ್ಕೆ ಐವತ್ತು ತಾಸು ಇದೆಯೇನೋ ಅನಿಸುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿ ನೋಡುತ್ತಾನೆ. ಹೊರಗೆ ಬಂದು ಊಟಕ್ಕೆ ಇನ್ನೆಷ್ಟು ಹೊತ್ತು ಅಂತ ಸೂರ್ಯನನ್ನು ಅಳೆಯುತ್ತಾನೆ. ಯಾರಾದರೂ ಬರುತ್ತಾರೇನೋ ಅಂತ ಆ ಕಡೆ ಈ ಕಡೆ ಕತ್ತು ಹೊರಳಿಸುತ್ತಾನೆ.

ಇದನ್ನು ಮೊದಲ ಸಲ ಓದಿದಾಗ ನನಗೆ ನಮ್ಮ ಸ್ಟಾಫ್ ರೂಮೇ ಕಣ್ಣಿಗೆ ಬಂತು. ಏಪ್ರಿಲ್ ತಿಂಗಳು, ಹನ್ನೊಂದೂವರೆ, ಕರೆಂಟ್ ಇಲ್ಲ, ಎದುರಿಗೆ ಉತ್ತರಪತ್ರಿಕೆಯ ಕಟ್ಟು. ಬಾಗಲಕೋಟೆಯ ಬಿಸಿಲು ಕಂಡವರಿಗೆ ಆ ದೆವ್ವದ ಪರಿಚಯ ಬೇರೆ ಮಾಡಿಕೊಡಬೇಕಾಗಿಲ್ಲ.

ಎವಾಗ್ರಿಯಸ್‌ನ ಕಾಲಕ್ಕೆ ಫೋನ್ ಇರಲಿಲ್ಲ, ಕಿಟಕಿ ಇತ್ತು. ಆದರೆ ಆ ಕಿಟಕಿಯ ಆಚೆ ಇದ್ದದ್ದು ಮರಳು. ನೋಡಿದ, ಯಾರೂ ಬರಲಿಲ್ಲ, ಒಳಗೆ ಬಂದು ಬುಟ್ಟಿ ಹೆಣೆಯುತ್ತ ಕೂತ. ನನ್ನ ಕಿಟಕಿಯ ಆಚೆ ಯಾವಾಗಲೂ ಯಾರೋ ಒಬ್ಬರು ಇದ್ದೇ ಇರುತ್ತಾರೆ. ಕುಣಿಯುತ್ತಿರುತ್ತಾರೆ, ಜಗಳಾಡುತ್ತಿರುತ್ತಾರೆ, ಹೋಳಿಗೆ ಮಾಡುತ್ತಿರುತ್ತಾರೆ. ದೆವ್ವ ಅದೇ. ಮರುಭೂಮಿ ಮಾತ್ರ ಇಲ್ಲ.

ಇಲ್ಲಿ ಗಣಿತದ ಒಂದು ಮಾತು ಹೇಳಬೇಕು. ಸಿಮೋನ್ ವೇಲ್ ಎಂಬ ಫ್ರೆಂಚ್ ಶಿಕ್ಷಕಿ ಇದ್ದಳು. ಯಹೂದಿ ಮನೆತನದವಳು, ಕ್ರಿಸ್ತನ ಕಡೆಗೆ ವಾಲಿದವಳು, ಆದರೂ ಸಭೆಯ ಹೊಸ್ತಿಲ ಹೊರಗೇ ನಿಂತವಳು. 1943ರಲ್ಲಿ, 34ರ ವಯಸ್ಸಿಗೇ ತೀರಿಹೋದಳು. ಶಾಲೆಯ ಓದಿಗೂ ಪ್ರಾರ್ಥನೆಗೂ ಇರುವ ನಂಟಿನ ಬಗ್ಗೆ ಆಕೆ ಬರೆದಿದ್ದಾಳೆ. ರೇಖಾಗಣಿತದ ಒಂದು ಲೆಕ್ಕದ ಮುಂದೆ ಒಂದು ತಾಸು ಮನಸ್ಸಿಟ್ಟು ಕೂತು, ಅದು ಬಿಡಿಸಲಿಕ್ಕೆ ಬರದೇ ಹೋದರೂ, ಆ ತಾಸು ಹಾಳಾಗಲಿಲ್ಲ ಅನ್ನುತ್ತಾಳೆ. ಆ ಕೂರುವಿಕೆಯ ಫಲ ಮುಂದೆಂದೋ ಪ್ರಾರ್ಥನೆಯಲ್ಲಿ ಕಾಣಿಸುತ್ತದೆ. ಇನ್ನೊಬ್ಬರ ಕಷ್ಟ ಕೇಳುವಾಗಲೂ ಕಾಣಿಸುತ್ತದೆ.

ಗಣಿತದ ಮಾಸ್ತರಿಗೆ ಇದಕ್ಕಿಂತ ಹಿತವಾದ ಮಾತು ಬೇಕಾ? ನಾನು ಕುಣಿದಾಡಿದೆ. ಆದರೆ ನಮ್ಮ ಕ್ಲಾಸಿನಲ್ಲಿ ನಡೆಯುವುದು ಬೇರೆಯೇ. ಪೋರ್ಷನ್ ಮುಗಿಯಬೇಕು. ಡಿಸೆಂಬರ್ ಬಂದರೆ ಪಾಸಿಂಗ್ ಪ್ಯಾಕೇಜ್ ಶುರು. ಯಾವ ಪ್ರಮೇಯ ಬರುತ್ತದೆ, ಯಾವ ರಚನೆ ಬರುತ್ತದೆ, ಅಷ್ಟನ್ನು ಬಾಯಿಪಾಠ ಮಾಡಿಸು. ಪೈಥಾಗೊರಸ್ ಪ್ರಮೇಯದ ಸಾಧನೆಯನ್ನು ಚಿತ್ರ ನೋಡದೇ ಬರೆಯುವ ಹುಡುಗರು ನನ್ನಲ್ಲಿದ್ದಾರೆ. ತ್ರಿಕೋನದ ಹೆಸರು ಬದಲಾಯಿಸಿ ಪ ಫ ಬ ಅಂತ ಕೊಟ್ಟರೆ ಪೆನ್ನು ನಿಂತುಬಿಡುತ್ತದೆ. ಹುಡುಗರ ಗಮನ ಕೆಡಿಸಿದ್ದು ಮೊಬೈಲು ಅಂತ ಮೀಟಿಂಗಿನಲ್ಲಿ ಎಲ್ಲರೂ ಹೇಳುತ್ತೇವೆ. ಒಂದು ಲೆಕ್ಕದ ಮುಂದೆ ಸುಮ್ನೆ ಕೂರಲು ನಾವು ಯಾವತ್ತು ಬಿಟ್ಟಿದ್ದೆವು?

2020ರಲ್ಲಿ ಶಾಲೆ ಮುಚ್ಚಿದಾಗ ನಾವೇ ಅಲ್ವಾ ಮನೆಮನೆಗೆ ಹೋಗಿ, ಒಂದು ಸ್ಮಾರ್ಟ್ ಫೋನ್ ತಗೊಳ್ಳಿ ಅಂತ ಹೇಳಿದ್ದು. ಆ ವರ್ಷ ವಿದ್ಯಾಗಮ ಅಂತ ಓಣಿಯ ಕಟ್ಟೆ, ಗುಡಿಯ ಪೌಳಿಯಲ್ಲೆಲ್ಲ ಪಾಠ ಮಾಡಿದೆವು. ನಿಜ ಹೇಳಬೇಕೆಂದರೆ ನನ್ನ ಸರ್ವಿಸ್ಸಿನಲ್ಲೇ ಒಳ್ಳೆಯ ಪಾಠ ಆದದ್ದು ಆಗ. ಬೇವಿನ ಗಿಡದ ಕೆಳಗೆ ಎಂಟು ಹುಡುಗರು, ಒಂದು ಕರಿಹಲಗೆ, ಒಂದೇ ಲೆಕ್ಕ. ಮುಂದೆ ಶಾಲೆ ತೆರೆಯಿತು, ಕಟ್ಟೆ ಬಿಟ್ಟೆವು. ಫೋನು ಮಾತ್ರ ಉಳಿಯಿತು. ಹುಡುಗರಿಗೂ, ನನಗೂ.

ಈಗ ಹೇಳುವುದನ್ನು ಬರೆಯಬೇಕೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ.

ಮೂರು ವರ್ಷದ ಹಿಂದಿನ ನವೆಂಬರ್. ಊಟದ ಬಿಡುವು. ಸ್ಟಾಫ್ ರೂಮಿನಲ್ಲಿ ನಾನೊಬ್ಬನೇ. ಹತ್ತನೇ ಕ್ಲಾಸಿನ ಒಬ್ಬ ಹುಡುಗ ಬಂದು ಮೇಜಿನ ಪಕ್ಕ ನಿಂತ. ನಾನು ವೀಡಿಯೊ ನೋಡುತ್ತಿದ್ದೆ. ಯಾರೋ ಒಬ್ಬ ತುಕ್ಕು ಹಿಡಿದ ಕೊಡಲಿಯನ್ನು ತಿಕ್ಕಿ ತಿಕ್ಕಿ ಹೊಸದರಂತೆ ಮಾಡುತ್ತಿದ್ದ. ಹುಡುಗ ಏನೋ ಹೇಳಿದ. "ಹ್ಞೂಂ" ಅಂದೆ. ಮತ್ತೇನೋ ಹೇಳಿದ. "ಹ್ಞೂಂ, ಆತು, ಹೋಗು" ಅಂದೆ. ಕೊಡಲಿಗೆ ಆಗ ಹಿಡಿ ಹಾಕುತ್ತಿದ್ದರು.

ಮರುದಿನ ಹುಡುಗ ಬರಲಿಲ್ಲ. ಆ ವಾರ ಬರಲಿಲ್ಲ. ಎರಡನೇ ವಾರ ಹಾಜರಿ ಕೂಗುವಾಗ, ಎಲ್ಲಿ ಹೋಗ್ಯಾನ ಅಂವ ಅಂತ ಸಿಟ್ಟಿನಿಂದ ಕೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದುನಿಂತ.

"ಸರ್ರ, ಅವರು ಮಂಗಳೂರಿಗೆ ದುಡಿಯಾಕ ಹೋದ್ರಲ್ರಿ. ಮನ್ಯಾಗ ಎಲ್ಲಾರೂ. ಅಂವ ನಿಮಗ ಹೇಳೇ ಹೋದ್ನಲ್ರಿ. ಸರ್ ಹೋಗು ಅಂದ್ರು ಅಂದ."

ಆ ಕ್ಲಾಸು ಹೇಗೆ ಮುಗಿಸಿದೆ ನೆನಪಿಲ್ಲ. ಸಂಜೆ ಅವರ ಮನೆಗೆ ಹೋದೆ. ಬೀಗ. ಅವರಪ್ಪನ ನಂಬರಿಗೆ ಹಚ್ಚಿದೆ. ಸ್ವಿಚ್ ಆಫ್. ಪರೀಕ್ಷೆಗೆ ಹೆಸರು ಕಟ್ಟಿದ್ದೆವು, ಹಾಲ್ ಟಿಕೆಟ್ ಬಂತು, ಒಯ್ಯುವವರಿಲ್ಲ. ಆಗ ಕೂರಿಸಿ ಕೇಳಿದ್ದರೆ, ಹಾಸ್ಟೆಲ್ಲಿನಲ್ಲಿ ಬಿಡಲು ಹೇಳಬಹುದಿತ್ತು, ನಾಲ್ಕು ತಿಂಗಳು ನಮ್ಮ ಮನೆಯಲ್ಲೇ ಇಟ್ಟುಕೊಳ್ಳಬಹುದಿತ್ತು. ಏನೂ ಆಗುತ್ತಿರಲಿಲ್ಲವೋ ಏನೋ. ಆದರೆ ಹೋಗು ಅಂತ ಹೇಳಿದವನು ನಾನು.

ಸಂತ ಅಗಸ್ಟೀನ್ ಬಿಷಪ್ ಆದ ಮೇಲೂ, ಮನೆಯಲ್ಲಿ ಕೂತಾಗ ಹಲ್ಲಿ ನೊಣ ಹಿಡಿಯುವುದನ್ನು ನೋಡುತ್ತ ಮೈಮರೆಯುತ್ತೇನೆ ಅಂತ ಒಪ್ಪಿಕೊಂಡಿದ್ದಾನೆ. ಓದಿದಾಗ ಸ್ವಲ್ಪ ಸಮಾಧಾನ ಆಯಿತು. ಆದರೆ ಹಲ್ಲಿಗೆ ಹೊಟ್ಟೆ ತುಂಬುತ್ತದೆ. ನೊಣ ನುಂಗಿ ಫೋಟೋದ ಹಿಂದೆ ಸರಿದುಹೋಗುತ್ತದೆ. ನನ್ನ ಕೊಡಲಿ ಮುಗಿದ ಕೂಡಲೇ ಸುತ್ತಿಗೆ ಬಂತು.

ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೈಬಲ್ಲಿನ ಮಾರ್ಕನ ಸುವಾರ್ತೆಯ 5ನೇ ಅಧ್ಯಾಯ. ಯಾಯಿರ ಎಂಬ ದೊಡ್ಡ ಮನುಷ್ಯನ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ, ಹನ್ನೆರಡು ವರ್ಷದವಳು. ಯೇಸುಸ್ವಾಮಿ ಅವನ ಮನೆಗೆ ಹೊರಟಿದ್ದಾನೆ. ಜನರ ನೂಕುನುಗ್ಗಲು. ಹನ್ನೆರಡು ವರ್ಷದಿಂದ ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸೊಬ್ಬಳು ಹಿಂದಿನಿಂದ ಬಂದು ಅವನ ಉಡುಪು ಮುಟ್ಟುತ್ತಾಳೆ. ಅವನು ನಿಲ್ಲುತ್ತಾನೆ. ಯಾರು ಮುಟ್ಟಿದರು ಅಂತ ಕೇಳುತ್ತಾನೆ. ಶಿಷ್ಯರಿಗೆ ಇದು ಹುಚ್ಚುತನ ಅನಿಸುತ್ತದೆ. ಇಷ್ಟು ಜನ ಮೈಮೇಲೆ ಬೀಳುತ್ತಿರುವಾಗ ಯಾರು ಮುಟ್ಟಿದರು ಅಂತ ಕೇಳುತ್ತೀಯಲ್ಲ! ಅವನು ಮಾತ್ರ ಸುತ್ತಲೂ ನೋಡುತ್ತ ನಿಂತೇ ಇರುತ್ತಾನೆ, ಆಕೆ ಮುಂದೆ ಬಂದು ತನ್ನ ಸಂಗತಿಯನ್ನೆಲ್ಲ ಹೇಳುವವರೆಗೆ. ಅಷ್ಟರಲ್ಲಿ ಯಾಯಿರನ ಮನೆಯಿಂದ ಸುದ್ದಿ ಬರುತ್ತದೆ, ಮಗಳು ತೀರಿಹೋದಳು ಅಂತ.

ಈ ಕಥೆಯನ್ನು ಎಷ್ಟೋ ವರ್ಷ ಕಲಿಸಿದ್ದೇನೆ. ಯಾಯಿರನ ಜಾಗದಲ್ಲಿ ನಿಂತು ಯಾವತ್ತೂ ಓದಿರಲಿಲ್ಲ. ಅವನ ಹೊಟ್ಟೆಯಲ್ಲಿ ಎಷ್ಟು ಉರಿದಿರಬೇಕು. ನಡುವೆ ಯಾವಳೋ ಬಂದು ತಡ ಮಾಡಿಸಿದಳಲ್ಲ ಅಂತ. ಗಮನ ಅಂದರೆ ಅತ್ತಿತ್ತ ನೋಡದೆ ಹಿಡಿದ ಕೆಲಸ ಮುಗಿಸುವುದು ಅಂತಲೇ ನಾನು ತಿಳಿದಿದ್ದೆ, ಹುಡುಗರಿಗೂ ಹಾಗೇ ಹೇಳಿಕೊಟ್ಟಿದ್ದೆ. ಆ ಲೆಕ್ಕದಲ್ಲಿ ನೋಡಿದರೆ ಆ ಮಧ್ಯಾಹ್ನ ನನ್ನ ಗಮನಕ್ಕೆ ಏನೂ ಕೊರತೆ ಇರಲಿಲ್ಲ. ಕೊಡಲಿಯಿಂದ ಕಣ್ಣು ಕದಲಿರಲಿಲ್ಲ.

ಮತ್ತೆ ಆಯಿಯ ನೆನಪು. ಸಂಜೆ ಏಳರ ಹೊತ್ತಿಗೆ ಆಕೆ ಪ್ರಾರ್ಥನೆಗೆ ಕೂರುತ್ತಿದ್ದಳು. ಬೇರೆ ಕೋಣೆ ಇರಲಿಲ್ಲ. ಒಂದು ಕಡೆ ಅಜ್ಜನ ಮಗ್ಗದ ಲಟಪಟ, ಒಂದು ಕಡೆ ಒಲೆ, ನಡುವೆ ನಾವು ಆರು ಮೊಮ್ಮಕ್ಕಳು. ಆಯಿ ಗೋಡೆಗೆ ಒರಗಿ ಸೆರಗನ್ನು ತಲೆಯ ಮೇಲಿಂದ ಗದ್ದದವರೆಗೆ ಎಳೆದುಕೊಳ್ಳುತ್ತಿದ್ದಳು. ಕೆಂಪು ರೇಷ್ಮೆ, ಬಿಳಿಯ ತೆನೆ. ಅದೇ ಆಕೆಯ ಕೋಣೆ. ಒಳಗೆ ತುಟಿ ಆಡುವುದು ಬಟ್ಟೆಯ ಮೇಲೆ ಕಾಣಿಸುತ್ತಿತ್ತು. ಉಸಿರಿಗೆ ಸೆರಗು ಸ್ವಲ್ಪ ಒಳಕ್ಕೆ, ಸ್ವಲ್ಪ ಹೊರಕ್ಕೆ. ಸೆರಗು ಬಿತ್ತು ಅಂದರೆ ನಾವ್ಯಾರೂ ಕರೆಯುವಂತಿಲ್ಲ. ಆಮೆನ್ ಅಂದ ಮೇಲೇ ಊಟ.

ಮೆಥೊಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿಯ ತಾಯಿ ಸುಸಾನಾ 19 ಮಕ್ಕಳನ್ನು ಹೆತ್ತವಳು, ಆ ಗದ್ದಲದ ನಡುವೆ ಏಪ್ರನ್ನನ್ನು ತಲೆಯ ಮೇಲೆ ಎಳೆದುಕೊಂಡು ಪ್ರಾರ್ಥಿಸುತ್ತಿದ್ದಳು ಅಂತ ಒಂದು ಮಾತಿದೆ. ಬೆಳಗಾವಿಯ ನನ್ನ ಮೆಥೊಡಿಸ್ಟ್ ಗೆಳೆಯ ಇದನ್ನು ಹೇಳಿದಾಗ, ನಿಮ್ಮ ವೆಸ್ಲಿಯವ್ವ ನಮ್ಮ ಗುಳೇದಗುಡ್ಡದಾಕಿ ಇರಬೇಕು ಅಂತ ನಕ್ಕಿದ್ದೆ.

ಆದರೆ ಒಂದು ಸಂಜೆ ನಡೆದದ್ದು ಹೀಗೆ. ಆಯಿ ಸೆರಗು ಹಾಕಿ ಕೂತಿದ್ದಾಳೆ. ಓಣಿಯ ಒಬ್ಬ ಹೆಂಗಸು ಕೂಸು ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಕೂಸಿಗೆ ಜ್ವರ. ಕರೆಯಲಿಲ್ಲ, ಸುಮ್ನೆ ನಿಂತಳು. ಆಕೆಯ ಬಳೆಯ ಸದ್ದು ಆಯಿತೋ ಏನೋ, ಆಯಿ ಸೆರಗು ಮೇಲೆತ್ತಿ ನೋಡಿದಳು. ಪ್ರಾರ್ಥನೆ ಅಲ್ಲಿಗೇ ಬಿಟ್ಟು ಎದ್ದು ಕೂಸಿನ ಹಣೆ ಮುಟ್ಟಿದಳು. ನಾವು ಒಳಗೆ ಗುದ್ದಾಡಿ ಗೋಳಾಡಿದರೂ ಏಳದಿದ್ದ ಸೆರಗು ಅದು. ಬಳೆಯ ಸದ್ದಿಗೆ ಎದ್ದಿತು. ಕೂಸಿಗೆ ತಣ್ಣೀರು ಪಟ್ಟಿ ಹಾಕಿ, ಮಿಷನ್ ದವಾಖಾನೆಗೆ ಅವರ ಜೊತೆಗೆ ಹೋಗಿ, ರಾತ್ರಿ ಬಂದಳು. ಆ ದಿನ ಆಮೆನ್ ಯಾವಾಗ ಅಂದಳೋ ಗೊತ್ತಿಲ್ಲ. ನಾವು ಉಂಡು ಮಲಗಿದ್ದೆವು.

ನಾನೇನೂ ಸುಧಾರಿಸಿಬಿಟ್ಟೆ ಅಂತ ತಿಳಿಯಬೇಡಿ. ಸಂಜೆ ಏಳರಿಂದ ಒಂಬತ್ತರವರೆಗೆ ಫೋನನ್ನು ಅಜ್ಜನ ಹಳೇ ಟ್ರಂಕಿನಲ್ಲಿ ಇಡುತ್ತೇನೆ. ಮೊದಲ ವಾರ ಹೆಂಡತಿ ನೋಡಿದಳು, ಆಮೇಲೆ ಅಂದಳು, "ಫೋನು ಟ್ರಂಕಿನ್ಯಾಗ, ನೀವು ಟ್ರಂಕಿನ ಮುಂದ." ನಿಜ, ಅದರ ಮುಂದೆಯೇ ಕೂತಿದ್ದೆ. ಒಮ್ಮೆ ಈಸ್ಟರಿಗೆ ಮುಂಚಿನ ಉಪವಾಸದ ಲೆಂಟ್ ಕಾಲದಲ್ಲಿ ನಲವತ್ತು ದಿನ ವಾಟ್ಸಾಪ್ ಬಿಡುತ್ತೇನೆ ಅಂದೆ, ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಿದೆ. ಎಷ್ಟು ಜನ ನೋಡಿದರು ಅಂತ ಮೂರು ಸಲ ತೆರೆದು ನೋಡಿದೆ. ಕ್ಲಾಸಿನಲ್ಲಿ ಮಾತ್ರ ಒಂದು ಬದಲು ಮಾಡಿದ್ದೇನೆ. ಶನಿವಾರದ ಪೀರಿಯಡ್ಡಿಗೆ ಒಂದೇ ಲೆಕ್ಕ. ಬಿಡಿಸಲು ಬಂದರೂ ಸರಿ, ಬರದಿದ್ದರೂ ಸರಿ, ಬೆಲ್ಲು ಹೊಡೆಯುವವರೆಗೆ ಅದೇ. ಪೋರ್ಷನ್ ಹಿಂದೆ ಬೀಳುತ್ತದೆ ಅಂತ ಆಕ್ಷೇಪ ಬಂದಿದೆ. ಬೀಳುತ್ತದೆ, ಸುಳ್ಳಲ್ಲ.

ಕಳೆದ ತಿಂಗಳು ಒಂದು ಐತವಾರ ಬಾಗಲಕೋಟೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. "ಸರ್ರ" ಅಂತ ಯಾರೋ ಕರೆದರು. ಎತ್ತರದ ಹುಡುಗ, ಮೀಸೆ ಬಂದಿದೆ. ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಊರ ಜಾತ್ರೆಗೆ ಬಂದಿದ್ದನಂತೆ. ಮಂಗಳೂರಿನಲ್ಲಿ ಟೈಲ್ಸ್ ಹಾಕುವ ಕೆಲಸ ಕಲಿತಿದ್ದಾನೆ. ಕ್ಷಮೆ ಕೇಳಬೇಕು ಅಂತ ಮೂರು ವರ್ಷದಿಂದ ಜೋಡಿಸಿಟ್ಟ ಮಾತು ಬಾಯಿಗೆ ಬರುವ ಮೊದಲೇ ಅವನು ಶುರು ಮಾಡಿದ.

"ಸರ್ರ, ನಿಮ್ಮ ಪೈಥಾಗೊರಸ್ ನಮಗ ದಿನಾ ಬೇಕಾಗತೈತ್ರಿ."

ಕೂತು ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದ. ಕೋಣೆಯ ಮೂಲೆ ಸರಿಯಾಗಿದೆಯೋ ಇಲ್ಲವೋ ಅಂತ ಮೊದಲು ನೋಡಬೇಕಂತೆ. ಒಂದು ಗೋಡೆಗುಂಟ 3 ಅಡಿ ಗುರುತು, ಇನ್ನೊಂದಕ್ಕೆ 4 ಅಡಿ. ಎರಡರ ನಡುವೆ ಟೇಪು ಹಿಡಿದರೆ ಸರಿಯಾಗಿ 5 ಅಡಿ ಬರಬೇಕು. ಬಂದರೆ ಮೂಲೆ ನೆಟ್ಟಗಿದೆ. ಬರದಿದ್ದರೆ ಗೋಡೆ ಕಟ್ಟಿದವನು ತಪ್ಪಿದ್ದಾನೆ. ಆಗ ಗೋಡೆಯನ್ನು ನಂಬಬಾರದು, ನಡುವೆ ದಾರ ಹಿಡಿದು ಅಲ್ಲಿಂದ ಹಾಕುತ್ತ ಬರಬೇಕು.

"ದಾರ ಎಲ್ಲಿಂದ ಹಿಡೀತೀರಿ?" ಅಂತ ಕೇಳಿದೆ. ಲೆಕ್ಕ ನನಗೆ ಗೊತ್ತು, ಕೆಲಸ ಗೊತ್ತಿರಲಿಲ್ಲ. ನಾನೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಅವನು ಇನ್ನೊಂದು ಕೋಣೆ ಬರೆದ. ಈ ಸಲ ಬಾಗಿಲು ಓರೆಯಾಗಿರುವಂಥದ್ದು. ಗುಳೇದಗುಡ್ಡದ ಬಸ್ಸು ಬಂತು, ಕಂಡಕ್ಟರ್ ಎರಡು ಸಲ ಕೂಗಿದ, ಹೋಯಿತು. ಅವನು ಮುಖ ಎತ್ತಿ, "ಸರ್ರ, ನಿಮ್ಮ ಬಸ್ಸು" ಅಂದ.

"ಹೋಗಲಿ ಬಿಡು. ಈ ಬಾಗಿಲದ ಕಡೆ ಅರ್ಧ ಟೈಲ್ಸ್ ಬರತೈತಲ್ಲ, ಅದನ್ನ ಏನ್ ಮಾಡ್ತೀರಿ?"